ನಾಲ್ಕು ತೂತು, ಒಂದು ಆರಿದ ಕಾಫಿ

ಅಬು ಹಲೀಫಾ: ಬಾಲ್ಕನಿಯ ಕುರ್ಚಿ

ಕುವೈತನ್ನು ನಾನು ಹೆಚ್ಚಾಗಿ ಕುಳಿತುಕೊಂಡೇ ನೋಡಿದ್ದು. ಇದು ನನ್ನ ತಪ್ಪಲ್ಲ. ಅಬು ಹಲೀಫಾ ಎಂಬ ಬಡಾವಣೆಯಲ್ಲಿರುವ ಮಗಳ ಮನೆಗೆ ಕಾಲಿಟ್ಟ ಗಳಿಗೆಯಿಂದ ಎಲ್ಲರೂ ನನ್ನನ್ನು ಕೂರಿಸುವುದರಲ್ಲೇ ಇದ್ದರು.

ಮಗಳು ಸುಮ ನಮ್ಮ ಕುಂದಾಪುರದ ಮಾತನ್ನು ಬಿಟ್ಟಿಲ್ಲ. ನಾನು ಪಾತ್ರೆ ತೊಳೆಯಲು ಹೋದರೆ "ಅಪ್ಪಯ್ಯ, ನೀವ್ ಸುಮ್ನೆ ಕೂಕಣಿ" ಅನ್ನುತ್ತಾಳೆ. ಅಳಿಯ ಮಹೇಶ ತುಮಕೂರಿನವನು, ಅಹ್ಮದಿಯಲ್ಲಿ ಎಣ್ಣೆ ಕಂಪನಿಯಲ್ಲಿ ಟೆಕ್ನಿಷಿಯನ್. ಅವನು ಬಹಳ ಮರ್ಯಾದೆಯಿಂದ "ಮಾವ, ನೀವು ಕೂತ್ಕೊಳ್ಳಿ" ಅನ್ನುತ್ತಾನೆ. ಒಂಬತ್ತು ವರ್ಷದ ಮೊಮ್ಮಗಳು ಅನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಅವಳದು ಇನ್ನೂ ಚುಟುಕು: "ಅಜ್ಜ, ಸಿಟ್."

ನಾನು ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಗಣಿತದ ಮೇಷ್ಟ್ರು ಮತ್ತು ನಾನು, ಇಬ್ಬರಲ್ಲಿ ಒಬ್ಬರು ಶಾಲೆ ಬಿಡಬೇಕಿತ್ತು. ಅವರಿಗೆ ಸಂಬಳವಿತ್ತು, ಹಾಗಾಗಿ ನಾನು ಬಿಟ್ಟೆ. ಅಂದು ಗ್ಯಾರೇಜಿಗೆ ಸೇರಿದವನು ಐವತ್ತು ವರ್ಷಗಳಲ್ಲಿ ಎಷ್ಟು ಲಾರಿಗಳಿಗೆ ಬಾಡಿ ಕಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ಮೀನಿನ ಲಾರಿ, ಹೆಂಚಿನ ಲಾರಿ, ಕಡೆಗೆ ಒಂದು ಯಕ್ಷಗಾನ ಮೇಳದ ಸಾಮಾನಿನ ಲಾರಿ. ಶಾಲೆ ಬಿಟ್ಟರೂ ಕಲಿಯುವುದನ್ನು ಬಿಟ್ಟಿಲ್ಲ ಎಂದು ಕಂಡಕಂಡವರಿಗೆ ಹೇಳಿಕೊಳ್ಳುವುದು ನನ್ನ ಚಟ. ಇಂಥ ಮನುಷ್ಯನನ್ನು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಸಮುದ್ರ ನೋಡಲು ಹೇಳಿದರೆ ಏನಾಗುತ್ತದೆ? ಸಮುದ್ರ ನಮ್ಮಲ್ಲೂ ಇದೆ. ಒಂದು ವಾರದಲ್ಲಿ ಆ ಕುರ್ಚಿಯ ನಾಲ್ಕು ಕಾಲುಗಳಲ್ಲಿ ಯಾವುದು ಮೋಟು ಎಂಬುದು ನನಗೆ ಬಾಯಿಪಾಠವಾಯಿತು. ಸರಿಮಾಡಲು ಹೊರಟರೆ ಸುಮ ಕುರ್ಚಿಯನ್ನೇ ಬದಲಿಸಿಬಿಟ್ಟಳು.

ಊರಿನಿಂದ ಬರುವಾಗ ಚೀಲದಲ್ಲಿ ಹಪ್ಪಳ, ಮಿಡಿ ಉಪ್ಪಿನಕಾಯಿಗಳ ನಡುವೆ ನನ್ನ ಇಕ್ಕಳ, ಎರಡು ಸ್ಪ್ಯಾನರ್, ಒಂದು ಸುತ್ತಿಗೆ ಇಟ್ಟುಕೊಂಡು ಬಂದಿದ್ದೆ. ಚೀಲ ಬಿಚ್ಚಿದ ಮಗಳು ನಕ್ಕಿದ್ದಳು.

"ಅಪ್ಪಯ್ಯ, ಇದೆಂತಕ್ಕೆ ತಂದದ್ದ್? ಕುವೈತಂಗೆ ಸ್ಪ್ಯಾನರ್ ಸಿಕ್ಕುದಿಲ್ಯಾ?"

"ಕೈ ಗುರುತಿನ ಸಾಮಾನು ಹೆಣೆ. ಇರ್ಲಿ" ಅಂದೆ. ಹೆಣ್ಣುಮಕ್ಕಳನ್ನು ನಮ್ಮಲ್ಲಿ ಹೆಣೆ ಎಂದೇ ಕರೆಯುವುದು.

ನನ್ನ ಒಂದು ತಿಂಗಳ ಪ್ರವಾಸದ ಆಸೆ ಇಷ್ಟೇ ಆಗಿತ್ತು. ಹೊರಡುವ ಮೊದಲು ಯಾರಾದರೂ ಒಬ್ಬರು, ಒಂದೇ ಒಂದು ಸಲ, ನನಗೊಂದು ಕೆಲಸ ಹೇಳಬೇಕು.

ಪಾರ್ಕಿಂಗ್ ಜಾಗ: ಹನಿಗಾಡಿ

ಮಹೇಶನ ಬಳಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಗಾಡಿ ಇತ್ತು. ಟಿಯರ್‌ಡ್ರಾಪ್ ಟ್ರೇಲರ್ ಅನ್ನುತ್ತಾರಂತೆ, ಕಣ್ಣೀರಿನ ಹನಿಯ ಆಕಾರ ಎಂದು. ನನ್ನ ಕಣ್ಣಿಗೆ ಅದು ಅಡ್ಡ ಮಲಗಿಸಿದ ಹಲಸಿನ ಬೇಳೆಯ ಹಾಗೆ ಕಂಡಿತು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಎದ್ದು ನಿಲ್ಲುವ ಹಾಗಿಲ್ಲ. ಹಿಂಭಾಗದ ಮುಚ್ಚಳವನ್ನು ಮೇಲಕ್ಕೆತ್ತಿದರೆ ಅಡುಗೆಮನೆ: ಒಂದು ಒಲೆ, ಒಂದು ತೊಟ್ಟಿ, ನಾಲ್ಕು ಡಬ್ಬಿ. ಅಡುಗೆ ಮಾಡುವವರು ಬಯಲಲ್ಲಿ ನಿಲ್ಲಬೇಕು, ತಲೆಯ ಮೇಲೆ ಮುಚ್ಚಳವೇ ಸೂರು.

ಕುವೈತಿನಲ್ಲಿ ಚಳಿಗಾಲವೆಂದರೆ ಮರಳುಗಾಡಿಗೆ ಹೋಗಿ ಗುಡಾರ ಹಾಕುವ ಕಾಲ. ಇಂಥ ಹನಿಗಾಡಿ ಇರುವ ಐದು ಮನೆಯವರು ಸೇರಿ ಆಗಾಗ ಹೋಗುತ್ತಾರಂತೆ. ಆ ವಾರ ನನ್ನನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಹೊರಡುವ ಎರಡು ದಿನ ಮೊದಲು ಮಳೆ ಬಂತು. ಮಳೆ ಎನ್ನಲು ನನಗೆ ನಾಚಿಕೆ. ನಮ್ಮಲ್ಲಿ ಅಷ್ಟು ಹೊತ್ತಿನಲ್ಲಿ ಕೊಡೆ ಬಿಚ್ಚಿ ಮುಗಿಯುವುದಿಲ್ಲ. ಆದರೆ ನೀರಿಗೆ ಹೋಗಲು ದಾರಿಯಿಲ್ಲದೆ ರಸ್ತೆ ಕೆರೆಯಾಯಿತು. ಬಾಲ್ಕನಿಯಿಂದ ಕೆಳಗೆ ನಿಂತಿದ್ದ ಹನಿಗಾಡಿಯನ್ನು ನೋಡಿದೆ, ನನ್ನ ತಲೆಯೊಳಗಿನ ಗ್ಯಾರೇಜಿನ ಬಾಗಿಲು ತೆರೆಯಿತು. ಹೋಗಿ ಹಾಸಿಗೆ ಎತ್ತಿ ನೋಡಿದರೆ ನೆಲದ ಹಲಗೆಯಲ್ಲಿ ಒಂದೇ ಒಂದು ತೂತಿಲ್ಲ! ನೀರು ಒಳಗೆ ಬಂದರೆ ಹೋಗುವುದೆಲ್ಲಿಗೆ? ನಮ್ಮ ಕಡೆ ನೀರು ಇಳಿಯುವ ತೂತಿಲ್ಲದೆ ಬಾಡಿ ಕಟ್ಟಿದವನನ್ನು ಜನ ಮುಂದಿನ ಮಳೆಗಾಲಕ್ಕೆ ಹುಡುಕಿಕೊಂಡು ಬರುತ್ತಾರೆ, ಹೊಗಳುವುದಕ್ಕಲ್ಲ.

ಮರುದಿನ ಮಹೇಶ ಡ್ಯೂಟಿಗೆ ಹೋಗಿದ್ದ. ಅವನ ಡ್ರಿಲ್ ಮೆಷಿನ್, ತುಂಡು ಪೈಪು, ಪ್ರೈಮರ್ ಡಬ್ಬಿ ಎಲ್ಲ ಕಪಾಟಿನಲ್ಲಿದ್ದವು. ಸುಮ ಅನಿಯನ್ನು ಶಾಲೆಯಿಂದ ತರಲು ಹೋದ ಹೊತ್ತಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದೆ. ಬರಿದೇ ಕೊರೆದು ಬಿಡುವ ಜಾತಿ ನನ್ನದಲ್ಲ. ತುಂಡು ಪೈಪು ಕೂರಿಸಿ, ಅಂಚಿಗೆ ಅಂಟು ಮೆತ್ತಿ, ಕೆಳಗಿನಿಂದ ಕೆಂಪು ಪ್ರೈಮರ್ ಬಣ್ಣ ಬಳಿದೆ. ಕೆಲಸ ಮುಗಿಸಿ ಹಾಸಿಗೆ ಮೊದಲಿನಂತೆ ಹಾಸಿದೆ. ಯಾರಿಗೂ ಹೇಳಲಿಲ್ಲ. ಯಾವತ್ತೋ ಒಂದು ದಿನ ಮಳೆ ಬಂದಾಗ ಮಹೇಶನಿಗೆ ಗೊತ್ತಾಗಬೇಕು, "ಅಯ್ಯೋ ಮಾವ, ಇದು ನೀವು ಮಾಡಿದ್ದಾ!" ಎಂದು ಅವನು ಊರಿಗೆ ಫೋನ್ ಮಾಡಬೇಕು. ನಾನು "ಅದೇನು ಮಹಾ" ಅನ್ನಬೇಕು. ಆ ಮಾತನ್ನು ಹೇಗೆ ಹೇಳುವುದೆಂದು ಕನ್ನಡಿಯ ಮುಂದೆ ಒಮ್ಮೆ ಹೇಳಿಯೂ ನೋಡಿದೆ.

ಮರಳುಗಾಡು, ಶುಕ್ರವಾರ ಸಂಜೆ

ಅಹ್ಮದಿ ದಾಟಿದ ಮೇಲೆ ಸ್ವಲ್ಪ ದೂರ ನುಣುಪಾದ ರಸ್ತೆ. ಆಮೇಲೆ ರಸ್ತೆ ಬಿಟ್ಟು ಮರಳಿಗೆ ಇಳಿದೆವು. ಹಿಂದೆ ತಿರುಗಿ ನೋಡಿದರೆ ನಮ್ಮ ಹನಿಗಾಡಿ ಕಾಣದಷ್ಟು ಧೂಳು. ಮರಳುಗಾಡೆಂದರೆ ನಮ್ಮ ಕಡಲ ತೀರದಂಥ ಮರಳೆಂದು ತಿಳಿದಿದ್ದೆ. ಇಲ್ಲಿಯದು ಮೈದಾ ಹಿಟ್ಟು. ಆದರೂ ನೆಲದ ಮೇಲೆ ಅಲ್ಲಲ್ಲಿ ಎಳೆ ಹಸಿರು ಗೀರು ಹಾಕಿದಂತಿತ್ತು. ನಾನು ತಮಾಷೆ ಮಾಡಿದ ಮಳೆಗೇ ಚಿಗುರಿದ ಹುಲ್ಲು.

ಉಳಿದವರು ಆಗಲೇ ಬಂದಿದ್ದರು. ಮಂಗಳೂರಿನ ಫ್ರಾನ್ಸಿಸ್ ಮತ್ತು ಅವರ ಹೆಂಡತಿ, ನರ್ಸ್ ಲವಿನಾ. ಇಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದಾರೆ. ಫಿಲಿಪೀನ್ಸಿನ ಗಂಡಹೆಂಡತಿ. ಈಜಿಪ್ಟಿನ ಒಬ್ಬ ಇಂಜಿನಿಯರ್. ಮತ್ತೆ ಈ ಗುಂಪಿನ ಹಿರಿಯ ಅಬು ಸಾಲೆಮ್, ಕುವೈತಿನವರೇ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಎಂದು ಮಹೇಶ ಪಿಸುಗುಟ್ಟಿದ. ಮೇಷ್ಟ್ರು ಎಂದ ಕೂಡಲೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಈ ವಯಸ್ಸಿನಲ್ಲೂ ಅದು ಹೋಗಿಲ್ಲ. ಅವರು ನನ್ನ ಕೈ ಕುಲುಕಿ, ಮಡಚುವ ಕುರ್ಚಿಯೊಂದನ್ನು ಬಿಚ್ಚಿ, ಇಲ್ಲಿನ ಹಿಂದಿಯಲ್ಲಿ ಹೇಳಿದರು: "ಬೈಠೋ ಹಾಜಿ, ಬೈಠೋ. ಆರಾಮ್."

ಹಾಜಿ ಎಂದರೆ ಇಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತಂತೆ. ಇನ್ನೊಂದು ಭಾಷೆಯಲ್ಲೂ ಕೂತದ್ದಾಯಿತು.

ಈ ಹನಿಗಾಡಿ ಜನರ ಪದ್ಧತಿಗಳೇ ಬೇರೆ. ಭೇಟಿಯಾದರೆ ಆರೋಗ್ಯ ಕೇಳುವ ಮೊದಲು ಗಾಡಿಯ ಟೈರು ಕೇಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಗಾಡಿಯ ಬಾಗಿಲು ತೆರೆದು ತೋರಿಸುತ್ತಾರೆ, ನಾವು ತಲೆಯನ್ನು ಒಳಗೆ ತೂರಿಸಿ ಏನಾದರೂ ಒಳ್ಳೆಯ ಮಾತು ಹೇಳಬೇಕು. ಗೃಹಪ್ರವೇಶಕ್ಕೆ ಹೋದವರಿಗೆ ಅಡುಗೆಮನೆಯ ಟೈಲ್ಸ್ ತೋರಿಸುತ್ತಾರಲ್ಲ, ಹಾಗೆಯೇ. ನಾನು ನಾಲ್ಕು ಗಾಡಿಗೂ ತಲೆ ತೂರಿಸಿ "ಮಾಶಾಲ್ಲಾ" ಅಂದೆ. ನಾಲ್ಕರ ನೆಲದಲ್ಲೂ ತೂತಿರಲಿಲ್ಲ. ಪಾಪ, ಇವರಿಗೆ ಹೇಳಿಕೊಡುವವರು ಯಾರೂ ಇಲ್ಲ ಎಂದುಕೊಂಡೆ.

ಅಷ್ಟರಲ್ಲಿ ಸುಮ ನಮ್ಮ ಗಾಡಿಯ ಬಾಗಿಲು ತೆರೆದು ಕಿರುಚಿದಳು.

ಹಾಸಿಗೆ, ದಿಂಬು, ಅನಿಯ ಗೊಂಬೆ, ಎಲ್ಲಕ್ಕೂ ಧೂಳು ಬಡಿದಿತ್ತು. ಹಿಂದಿನ ಮುಚ್ಚಳ ಎತ್ತಿದರೆ ಒಲೆಯ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದಿತ್ತು. ನೀರ್‌ದೋಸೆಗೆಂದು ರುಬ್ಬಿ ತಂದಿದ್ದ ಹಿಟ್ಟಿನ ಪಾತ್ರೆಯ ಮುಚ್ಚಳ ಸರಿದಿತ್ತು.

ಗಂಡಸರೆಲ್ಲ ಸುತ್ತ ಸೇರಿದರು.

"ಬಾಗಿಲಿನ ರಬ್ಬರ್ ಹೋಗಿದೆ" ಅಂದ ಮಹೇಶ.

"ನಾನು ಆವತ್ತೇ ಹೇಳ್ಲಿಲ್ವಾ ಮಾರ್ರೆ, ಆ ರಬ್ಬರ್ ಡುಪ್ಲಿಕೇಟ್ ಅಂತ?" ಅಂದರು ಫ್ರಾನ್ಸಿಸ್.

ಈಜಿಪ್ಟಿನವನು ಗ್ರೀಸ್ ಹಚ್ಚಿ ಅಂದ. ಫಿಲಿಪೀನ್ಸಿನವನು ಟೇಪ್ ತಂದ. ರಬ್ಬರಿನ ಜಾತಿ, ವಯಸ್ಸು, ಹುಟ್ಟಿದ ದೇಶ, ಎಲ್ಲದರ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ನನಗೆ ಮೊದಲ ನಿಮಿಷದಲ್ಲೇ ಹೊಳೆದಿತ್ತು. ನೀರು ಇಳಿಯಲು ಮಾಡಿದ ತೂತಿನಲ್ಲಿ ಧೂಳು ಹತ್ತಿ ಬಂದಿದೆ. ನೀರಿಗೆ ಕೆಳಗೆ ಹೋಗುವುದು ಮಾತ್ರ ಗೊತ್ತು. ಧೂಳಿಗೆ ಎಲ್ಲ ದಿಕ್ಕೂ ಗೊತ್ತು. ಐವತ್ತು ವರ್ಷ ಮಳೆಯ ಜೊತೆ ಜಗಳವಾಡಿದವನಿಗೆ ಇನ್ನೊಂದು ಶತ್ರು ಇರಬಹುದೆಂಬ ಯೋಚನೆಯೇ ಬಂದಿರಲಿಲ್ಲ.

ನಾನು ಮೆಲ್ಲಗೆ ಹಿಂದೆ ಸರಿದು ಆ ಮಡಚುವ ಕುರ್ಚಿಯಲ್ಲಿ ಕುಳಿತೆ. ಕುವೈತಿಗೆ ಬಂದ ಮೇಲೆ ಯಾರೂ ಹೇಳದೆ ನಾನು ಕುಳಿತದ್ದು ಅದೇ ಮೊದಲು.

ಕೊನೆಗೆ ಮಹೇಶ ಪರೀಕ್ಷೆಗೆ ಇಳಿದ. ಗಾಡಿಯೊಳಗೆ ಹೊಕ್ಕು, ಹಾಸಿಗೆ ಹೊರಗೆ ಹಾಕಿ, ಬಾಗಿಲು ಮುಚ್ಚಿಸಿಕೊಂಡ. ಎಲ್ಲಿ ಸಂದಿ ಇದೆಯೋ ಅಲ್ಲಿ ಬೆಳಕು ಕಾಣಬೇಕು. ಆಮೇಲೆ ಒಳಗಿನಿಂದ ಅವನ ದನಿ:

"ಇದೇನಿದು... ನೆಲದಿಂದ ಬೆಳಕು ಬರ್ತಾ ಇದೆ! ನಾಲ್ಕು ಕಡೆ!"

ಅಬು ಸಾಲೆಮ್ ತಮ್ಮ ಬಿಳಿ ಅಂಗಿಯನ್ನೂ ಲೆಕ್ಕಿಸದೆ ಮರಳಿನ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದರು. "ಡ್ರಿಲ್" ಅಂದರು ಅಲ್ಲಿಂದಲೇ. "ನಯಾ. ಬಹುತ್ ಸಾಫ್ ಕಾಮ್." ಹೊರಗೆ ಬಂದಾಗ ಅವರ ಬೆರಳ ತುದಿ ಕೆಂಪಾಗಿತ್ತು, ಪ್ರೈಮರ್ ಪೂರ್ತಿ ಒಣಗಿರಲಿಲ್ಲ. ಅವರು ತಮ್ಮ ಬೆರಳು ನೋಡಿಕೊಂಡರು. ಆಮೇಲೆ ನನ್ನ ಉಗುರಿನ ಸಂದಿಯ ಕೆಂಪು ನೋಡಿದರು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಹೋಮ್‌ವರ್ಕ್ ಮಾಡದ ಹುಡುಗ ಕೈ ಇಟ್ಟುಕೊಳ್ಳುವಂತೆಯೇ. ಮೇಷ್ಟ್ರ ಆ ನೋಟ ತಡೆಯಲಾಗಲಿಲ್ಲ.

"ಅದು ನಾನು" ಅಂದೆ. "ಮಳೆ ನೀರು ಹೋಗಲಿ ಅಂತ."

ಫ್ರಾನ್ಸಿಸ್ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. "ಭಾಸ್ಕರಣ್ಣ, ಇಲ್ಲಿ ಮಳೆಯನ್ನು ನಾವು ಫೋಟೋ ತೆಗೆದು ಇಟ್ಕೊಳ್ಳುದು ಮಾರ್ರೆ!"

ಎಲ್ಲರೂ ನಕ್ಕರು. ಸುಮ ಮಾತ್ರ ಹಣೆಗೆ ಕೈ ಇಟ್ಟುಕೊಂಡಳು. "ಎಂತ ಮಾಡಿದ್ರಿ ಅಪ್ಪಯ್ಯ! ಒಂದ್ ಮಾತ್ ಕೇಳುಕಾಗ್ದಾ?"

ಅಳಿಯ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ನಾಲ್ಕು ಬಟ್ಟೆ ತುಂಡುಗಳನ್ನು ತೂತಿಗೆ ತುರುಕಿ, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ: "ಪರವಾಗಿಲ್ಲ ಮಾವ. ನೀವು ಕೂತ್ಕೊಳ್ಳಿ."

ಇಷ್ಟು ದಿನ ಆ ಮಾತಿನಲ್ಲಿ ಮರ್ಯಾದೆ ಇತ್ತು. ಅವತ್ತು ಅದು ಶಿಕ್ಷೆಯ ಹಾಗೆ ಕೇಳಿಸಿತು.

ಮರಳುಗಾಡು, ಶನಿವಾರ

ಮರುದಿನ ನಾನು ಶಪಥ ಮಾಡಿಬಿಟ್ಟೆ. ಆಕಾಶ ಬಿದ್ದರೂ ಕುರ್ಚಿ ಬಿಡುವುದಿಲ್ಲ. ಗುಡಾರದ ಗೂಟ ಸಡಿಲಾಗಿದ್ದು ಕಾಣಿಸಿತು, ಕಣ್ಣು ಮುಚ್ಚಿಕೊಂಡೆ. ಫ್ರಾನ್ಸಿಸರ ಟೇಬಲ್ ಅಲುಗಾಡುತ್ತಿತ್ತು, ಆ ಕಡೆಗೆ ಬೆನ್ನು ಹಾಕಿ ಕುಳಿತೆ.

ಈ ಗುಂಪಿನ ಊಟದ ಕ್ರಮ ಹೀಗೆ: ಪ್ರತಿ ಗಾಡಿಯಲ್ಲೂ ಒಂದೊಂದು ಅಡುಗೆ. ತಟ್ಟೆ ಹಿಡಿದು ಒಂದು ಮುಚ್ಚಳದ ಕೆಳಗಿನಿಂದ ಇನ್ನೊಂದು ಮುಚ್ಚಳದ ಕೆಳಗೆ ತಿರುಗುತ್ತ ಉಣ್ಣಬೇಕು. ತನ್ನ ಗಾಡಿಯದನ್ನು ತಾನು ಮುಟ್ಟುವಂತಿಲ್ಲ. ಮೊದಲ ಸರದಿ ನಮ್ಮದು, ನೀರ್‌ದೋಸೆ ಮತ್ತು ಕೋಳಿಸಾರು. ಈಜಿಪ್ಟಿನವನು ಒಂದು ತುತ್ತು ಜಗಿದು, ತಲೆದೂಗಿ, ಇದಕ್ಕೆ ತೆಂಗಿನಕಾಯಿ ತುರಿದು ಹಾಕಿದ್ದೀರಾ, ಕರುಕುರು ಚೆನ್ನಾಗಿದೆ ಎಂದು ಸುಮಳನ್ನು ಕೇಳಿದ. ಸುಮ ಹೌದು ಅಂದಳು. ನನ್ನ ಕಡೆ ನೋಡಲಿಲ್ಲ.

ಅಬು ಸಾಲೆಮರ ಗಾಡಿಯಲ್ಲಿ ಮೀನಿನ ಮಚ್ಬೂಸ್, ಅಂದರೆ ಮಸಾಲೆ ಅನ್ನ, ಬೇಯುತ್ತಿತ್ತು. ಹಿಂದಿನ ದಿನ ಅವರು ಎಲ್ಲ ಗಾಡಿಗಳನ್ನೂ ವಾಯವ್ಯಕ್ಕೆ ಮೂತಿ ಮಾಡಿ ನಿಲ್ಲಿಸಿದ್ದರು, ಗಾಳಿ ಬರುವುದು ಆ ಕಡೆಯಿಂದ ಎಂದು. ಭೂಗೋಳದ ಮೇಷ್ಟ್ರ ಮಾತನ್ನು ಗಾಳಿ ಕೇಳಲಿಲ್ಲ. ಊಟದ ನಡುವೆ ದಿಕ್ಕು ಬದಲಿಸಿ ಹಿಂದಿನಿಂದ ಬೀಸಿತು. ಎಲ್ಲರೂ ಓಡಿ ತಮ್ಮ ತಮ್ಮ ಮುಚ್ಚಳ ಇಳಿಸಿದರು. ಅಬು ಸಾಲೆಮ್ ಮೊದಲು ಅನ್ನದ ಹಂಡೆ ಉಳಿಸಲು ಹೋದರು. ಮುಚ್ಚಳ ಹಾಯಿಯಂತೆ ಗಾಳಿ ಹಿಡಿದು, ಬಿಜಾಗರಿಯನ್ನು ತಿರುಚಿ, ರಿವೆಟ್ಟುಗಳನ್ನೆಲ್ಲ ಕಿತ್ತುಕೊಂಡು ಗಾಡಿಯ ತಲೆಯ ಮೇಲೆ ಮಗುಚಿ ಬಿತ್ತು.

ಗಾಳಿ ತಗ್ಗಿದ ಮೇಲೆ ಸಭೆ ಸೇರಿತು. ಹಗ್ಗ ಕಟ್ಟಿ ಒಯ್ಯಿರಿ ಎಂದು ಒಬ್ಬರು. ಹಗ್ಗ ಕಟ್ಟಿದರೆ ದಾರಿಯಲ್ಲಿ ಹಾರುತ್ತದೆ ಎಂದು ಇನ್ನೊಬ್ಬರು. ಮುಚ್ಚಳ ಇಲ್ಲೇ ಬಿಟ್ಟು ಹೋಗಿ ಎಂದು ಮತ್ತೊಬ್ಬರು. ನನಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು, ಏನು ಮಾಡಬೇಕೆಂದು. ಕೈಗಳು ತುರಿಸುತ್ತಿದ್ದವು. ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದುಕೊಂಡೆ. ಅಳಿಯನ ಗಾಡಿ ಹಾಳುಮಾಡಿದ್ದು ಸಾಲದೆ ಮೇಷ್ಟ್ರ ಗಾಡಿಯೂ ಬೇಕೆ ಎಂದು ನನ್ನನ್ನೇ ಗದರಿಸಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅಬು ಸಾಲೆಮ್ ನಮ್ಮ ಗಾಡಿಯ ಕಡೆ ಬಂದು, ನನ್ನ ಎದುರು ಚಾಪೆಯ ಮೇಲೆ ಕುಳಿತರು. ನಾನೂ ಕುರ್ಚಿಯಿಂದ ಇಳಿದು ಚಾಪೆಗೆ ಬಂದೆ. ಸುಮ ಸ್ಟೀಲಿನ ಲೋಟದಲ್ಲಿ ಫಿಲ್ಟರ್ ಕಾಫಿ ತಂದುಕೊಟ್ಟಳು. ಅವರು ಲೋಟ ತೆಗೆದುಕೊಂಡು ಎದುರಿಗೆ ಮರಳಿನ ಮೇಲೆ ಇಟ್ಟು, ನನ್ನ ಊರು ಕೇಳಿದರು. ಅಲ್ಲಿನ ಮಳೆ ಎಷ್ಟು ತಿಂಗಳು ಎಂದರು. ಲಾರಿಯ ಬಾಡಿಗೆ ಯಾವ ಮರ ಎಂದರು. ನನ್ನ ಲಾರಿ ಡ್ರೈವರುಗಳ ಹಿಂದಿಯಲ್ಲಿ ಹೇಳಿದೆ. ಅವರು ಮಾತ್ರ ಕಾಫಿ ಮುಟ್ಟಲೇ ಇಲ್ಲ.

ಸಕ್ಕರೆ ಹೆಚ್ಚಾಗಿರಬೇಕು ಎಂದುಕೊಂಡೆ. "ಹೆಣೆ, ಸಕ್ರಿ ಇಲ್ದೆ ಇನ್ನೊಂದ್ ತಕಬಾ" ಅಂದೆ. ಎರಡನೆಯದೂ ಮರಳಿನ ಮೇಲೆ ಕುಳಿತಿತು. ಕಾಫಿಯೇ ಸೇರುವುದಿಲ್ಲವೇನೋ ಎಂದು ಚಹಾ ಮಾಡಿಸಿದೆ. ಅದೂ ಅಲ್ಲೇ. ಮೂರು ಲೋಟಗಳು ಮರಳಿನಲ್ಲಿ ಕ್ರಿಕೆಟ್ ವಿಕೆಟ್ಟಿನ ಹಾಗೆ ಸಾಲಾಗಿ ನಿಂತವು. ಸುಮ ಗಾಡಿಯ ಹಿಂದಿನಿಂದ ಕೇಳಿದಳು, "ಇನ್ನೆಂತ ಮಾಡುದ್ ಅಪ್ಪಯ್ಯ? ರಾಗಿ ಮಾಲ್ಟ್ ಇತ್ತ್, ಆತಾ?" ಧೂಳು ಬಿದ್ದಿರಬೇಕು, ಅದಕ್ಕೇ ಮೇಷ್ಟ್ರು ಕುಡಿಯುತ್ತಿಲ್ಲ, ಈ ಮೂರು ಲೋಟವೂ ನನ್ನ ನಾಲ್ಕು ತೂತಿನ ಫಲ ಎಂದು ನಾನು ಒಳಗೊಳಗೇ ಕುಗ್ಗಿಹೋದೆ.

ಅಷ್ಟರಲ್ಲಿ ಫ್ರಾನ್ಸಿಸ್ ಬಂದರು. ಲೋಟಗಳನ್ನು ನೋಡಿದರು, ಅಬು ಸಾಲೆಮರನ್ನು ನೋಡಿದರು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಂತ ಮಾರ್ರೆ ನೀವು, ಅವರನ್ನು ಎಷ್ಟು ಕಾಯಿಸ್ತೀರಿ?"

"ನಾನೇನು ಕಾಯಿಸಿದೆ? ಕುಡೀರಿ ಅಂತಲೇ ಹೇಳ್ತಿದ್ದೇನೆ."

"ಇವರಲ್ಲಿ ಹಾಗೆ ಭಾಸ್ಕರಣ್ಣ. ಒಬ್ಬರ ಹತ್ರ ಏನಾದ್ರೂ ದೊಡ್ಡದು ಕೇಳ್ಲಿಕ್ಕೆ ಉಂಟಾದ್ರೆ, ಬಂದು ಕೂತು ಲೋಟ ಕೆಳಗಿಡುದು. ಆಯ್ತು ಅಂತ ನೀವು ಹೇಳುವವರೆಗೆ ಕುಡಿಯುದಿಲ್ಲ. ಏನು ಬೇಕು ಅಂತ ನೀವೇ ಕೇಳ್ಬೇಕು."

ನಾನು ಆ ಹಿರಿಯರನ್ನು ನೋಡಿದೆ. ಅವರು ಮರಳು ನೋಡುತ್ತಿದ್ದರು.

"ಮಾಸ್ಟರ್‌ಜೀ, ಕ್ಯಾ ಚಾಹಿಯೇ?" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಉಸ್ತಾದ್" ಅಂದರು ಅವರು. ನಿನ್ನೆ ಹಾಜಿಯಾಗಿದ್ದವನು ಇವತ್ತು ಉಸ್ತಾದನಾಗಿದ್ದೆ. ಕುಶಲ ಕೆಲಸಗಾರರನ್ನು ಹಾಗೆ ಕರೆಯುತ್ತಾರೆ. "ಕಲ್ ಮೈಂ ದೇಖಾ, ನೀಚೆ. ತೂತು ಬೇಡದ ಜಾಗದಲ್ಲಿತ್ತು, ಕೆಲಸ ಮಾತ್ರ ಬಹಳ ಚೆಂದ. ಯಾರೂ ನೋಡದ ಕಡೆಗೂ ಬಣ್ಣ ಬಳಿದಿದ್ದೀರಿ. ನನ್ನ ಗಾಡಿ ನೀವು ಮಾಡಿಕೊಡಬೇಕು." ಅವರ ಹಿಂದಿಯನ್ನು ನಾನು ಹೀಗೆ ಅರ್ಥಮಾಡಿಕೊಂಡೆ, ತಪ್ಪಿದ್ದರೆ ಇರಲಿ.

"ಅಬ್‌ಶಿರ್ ಅನ್ನಿ" ಎಂದು ಫ್ರಾನ್ಸಿಸ್ ತಿವಿದರು. "ಆಯ್ತು ಅಂತ ತಿಳ್ಕೊಳ್ಳಿ ಅಂತ ಅರ್ಥ."

"ಅಬ್‌ಶಿರ್" ಅಂದೆ.

ಅಬು ಸಾಲೆಮ್ ಮೊದಲನೆಯ ಲೋಟ ಎತ್ತಿ, ತಣ್ಣಗೆ ಆರಿ ಕೆನೆ ಕಟ್ಟಿದ್ದ ಆ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಎರಡನೆಯದನ್ನೂ ಕುಡಿದರು. ಚಹಾವನ್ನೂ ಬಿಡಲಿಲ್ಲ.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ತಿರುಚಿದ ಬಿಜಾಗರಿ ಇನ್ನು ತಿರುಗುವಂತಿರಲಿಲ್ಲ. ಅದರ ಪಿನ್ನು ಎಳೆದು ತೆಗೆದು, ಎರಡು ಪಟ್ಟಿಗಳನ್ನೂ ಟ್ರೇಲರ್ ಕೊಂಡಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೇರ ಮಾಡಿದೆ. ಮೀನಿನ ಲಾರಿಯ ಹಿಂಬಾಗಿಲಿಗೆ ನಾವು ರಬ್ಬರಿನ ಬಿಜಾಗರಿ ಹಾಕುತ್ತೇವೆ, ಉಪ್ಪುನೀರಿಗೆ ಕಬ್ಬಿಣ ನಿಲ್ಲುವುದಿಲ್ಲವೆಂದು. ರಬ್ಬರ್ ಎಲ್ಲಿಂದ? ಅಬು ಸಾಲೆಮರ ಕಾರಿನ ಚಕ್ರದ ಹಿಂದೆ ಕೆಸರು ಹಾರದಂತೆ ದಪ್ಪ ರಬ್ಬರ್ ಹಾಳೆ ನೇತಾಡುತ್ತಿತ್ತು. ಚಾಕು ಹಿಡಿದವನು ನಿಂತೆ.

"ಕತ್ತರಿಸಲಾ?" ಎಂದು ಕೇಳಿದೆ. ಕೇಳಿಯೇ ಕತ್ತರಿಸಿದೆ. ಮಹೇಶ ನೋಡುತ್ತಿದ್ದ.

ರಬ್ಬರಿನ ಒಂದಂಚು ಗಾಡಿಗೆ, ಇನ್ನೊಂದಂಚು ಮುಚ್ಚಳಕ್ಕೆ. ಅದರ ಮೇಲೆ ನೇರ ಮಾಡಿದ ಪಟ್ಟಿಗಳನ್ನು ಒತ್ತಿ ಬೋಲ್ಟು. ಡ್ರಿಲ್ ಫ್ರಾನ್ಸಿಸರದು, ಬೋಲ್ಟು ಈಜಿಪ್ಟಿನವನದು, ಸ್ಪ್ಯಾನರ್ ಉಪ್ಪಿನಕಾಯಿಯ ವಾಸನೆ ಇನ್ನೂ ಬಿಡದ ನನ್ನದು. ಅಬು ಸಾಲೆಮ್ ಮುಚ್ಚಳ ಹಿಡಿಯಲು ಬಂದರು, ಬೋಲ್ಟು ಎತ್ತಿಕೊಡಲು ಬಂದರು, ಬೆಳಕಿಗೆ ಅಡ್ಡ ನಿಂತರು. ಮೂರು ಸಲ ತಡೆದುಕೊಂಡು ನಾಲ್ಕನೆಯ ಸಲ ಹೇಳಿಯೇಬಿಟ್ಟೆ, ಅಚ್ಚ ಕನ್ನಡದಲ್ಲಿ:

"ಮೇಷ್ಟ್ರೇ, ನೀವು ಕೂತ್ಕೊಳ್ಳಿ."

ಭಾಷೆ ಬಾರದಿದ್ದರೂ ಅವರಿಗೆ ತಿಳಿಯಿತು. ಹೋಗಿ ನನ್ನ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತರು. ಒಬ್ಬ ಮೇಷ್ಟ್ರನ್ನು ಕೂರಿಸಿದ ಆ ಖುಷಿಯಲ್ಲಿ ಕೊನೆಯ ಬೋಲ್ಟನ್ನು ಎಷ್ಟು ಬಿಗಿದೆನೆಂದರೆ ತಲೆಯೇ ಮುರಿಯಿತು. ಅದನ್ನು ಯಾರೂ ನೋಡಲಿಲ್ಲ, ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ. ಮುಚ್ಚಳ ಮಾತ್ರ ಸರಾಗವಾಗಿ ಎದ್ದಿತು, ಸರಾಗವಾಗಿ ಮುಚ್ಚಿತು. ಅಬು ಸಾಲೆಮ್ ಅದನ್ನು ಐದಾರು ಸಲ ಎತ್ತಿ ಇಳಿಸಿ, ಕೊನೆಗೆ ಅದರ ಕೆಳಗೇ ನಿಂತು ಎಲ್ಲರಿಗೂ ಮಚ್ಬೂಸ್ ಬಡಿಸಿದರು. ಅನ್ನ ಆರಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಮರಳಿ ಅಬು ಹಲೀಫಾಕ್ಕೆ

ಶನಿವಾರ ರಾತ್ರಿಯೇ ವಾಪಸು ಬಂದೆವು. ಮಹೇಶ ಒಬ್ಬನೇ ಹಾಸಿಗೆ ಕೊಡವಿದ, ದಿಂಬು ಕೊಡವಿದ. ನಾನು ಸಹಾಯಕ್ಕೆಂದು ಎದ್ದೆ, ಏನನ್ನೋ ನೆನೆದು ಕುಳಿತೆ. ಮೇಷ್ಟ್ರು ಒಪ್ಪಿದರೇನು, ಇವನ ಗಾಡಿಯ ನೆಲದಲ್ಲಿ ಬಟ್ಟೆ ತುರುಕಿದ ತೂತು ನಾಲ್ಕು ಹಾಗೇ ಇವೆ.

ಭಾನುವಾರ ಇಲ್ಲಿ ಕೆಲಸದ ದಿನ. ಸಂಜೆ ಡ್ಯೂಟಿ ಮುಗಿಸಿ ಬಂದವನು ಬಟ್ಟೆ ಬದಲಿಸದೆ ನೇರ ಬಾಲ್ಕನಿಗೆ ಬಂದ. ನಾನು ಎಂದಿನ ಕುರ್ಚಿಯಲ್ಲಿದ್ದೆ. ಅವನು ಇನ್ನೊಂದು ಕುರ್ಚಿ ಎಳೆದುಕೊಳ್ಳಲಿಲ್ಲ, ನನ್ನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಸುಮ ಇಬ್ಬರಿಗೂ ಕಾಫಿ ತಂದಳು. ನಾನು ಒಂದು ಗುಟುಕು ಕುಡಿದೆ.

ಮಹೇಶ ಲೋಟವನ್ನು ತೆಗೆದುಕೊಂಡು ನೆಲದ ಮೇಲೆ ಇಟ್ಟ. ಮುಟ್ಟಲಿಲ್ಲ.

ಸಮುದ್ರದ ಕಡೆ ನೋಡಿದ. ಊರಲ್ಲಿ ಈಗ ಸೆಕೆ ಶುರುವಾಗಿರಬೇಕು ಅಲ್ವಾ ಮಾವ, ಅಂದ. ಗ್ಯಾರೇಜು ಯಾರು ನೋಡ್ಕೊಳ್ತಿದ್ದಾರೆ, ಅಂದ. ಬಾಗಿಲ ಹತ್ತಿರ ಸುಮ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಲೋಟದಿಂದ ಹಬೆ ಏಳುತ್ತಿತ್ತು.

ಏನು ಬೇಕೆಂದು ಕೇಳುವುದು ಈಗ ನನ್ನ ಕೆಲಸ. ಅವನಿಗೆ ಏನು ಬೇಕೆಂದೂ ನನಗೆ ಗೊತ್ತಿತ್ತು. ಆ ನಾಲ್ಕು ತೂತಿಗೆ ಮುಚ್ಚಳ. ಅಳತೆ ಆಗಲೇ ಮನಸ್ಸಿನಲ್ಲಿ ತಯಾರಾಗಿತ್ತು. ಆದರೂ ನಾನು ಅವಸರ ಮಾಡಲಿಲ್ಲ. ಅವನ ಕಾಫಿ ಸ್ವಲ್ಪ ಆರಲಿ ಎಂದು, ಕಾಲು ಚಾಚಿ, ಬೆನ್ನನ್ನು ಹಿಂದಕ್ಕೆ ಒರಗಿಸಿ, ಆ ಕುರ್ಚಿಯಲ್ಲಿ ಹಾಯಾಗಿ ಕುಳಿತೆ.